ಬೋಲ್ಟ್ ಬಿಗಿದವರ ಮೈದಾನ

ಪಂದ್ಯ ಶುರುವಾಗುವ ಮುಂಚೆ ಅವರು ಬಲಗಾಲಿನ ಬೂಟಿನ ತುದಿಯಿಂದ ಒಂದು ಬೋಲ್ಟನ್ನು ಮುಟ್ಟುತ್ತಾರೆ. ಅವರ ಪಕ್ಕದಲ್ಲಿ ನಿಂತು ಆಟ ನೋಡಲು ತೊಡಗಿದ ದಿನದಿಂದ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರು ನನ್ನ ಹಿರಿಯ ಸಹೋದ್ಯೋಗಿ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಬರ್ಲಿನ್ನಿನ ಆಗ್ನೇಯ ಮೂಲೆಯ ಆಡ್ಲರ್ಸ್‌ಹೋಫ್‌ನಲ್ಲಿ ಲೋಹ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ನಾವಿಬ್ಬರೂ ಕೆಲಸ ಮಾಡುತ್ತೇವೆ. ಬೆಸುಗೆಗಳಲ್ಲಿ ಬಿರುಕು ಹುಡುಕುವುದು ನನ್ನ ಪಾಲಿನ ಕೆಲಸ. 2017ರ ಶರತ್ಕಾಲದಲ್ಲಿ, ನಾನು ಈ ಊರಿಗೆ ಬಂದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಒಂದು ದಿನ ಅವರು ಕೆಂಪು ಬಿಳಿ ಪಟ್ಟೆಯ ಹಳೆಯ ಉಣ್ಣೆಯ ಶಾಲೊಂದನ್ನು ನನ್ನ ಮೇಜಿನ ಮೇಲಿಟ್ಟು, "ಶನಿವಾರ ಬಿಡುವಿದೆಯೇ?" ಎಂದು ಕೇಳಿದರು. ಯೂನಿಯನ್ ಬರ್ಲಿನ್ ತಂಡ ಆಗ ಎರಡನೆಯ ದರ್ಜೆಯಲ್ಲಿ ಆಡುತ್ತಿತ್ತು. ಫುಟ್‌ಬಾಲಿನ ಬಗ್ಗೆ ನನಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಆದರೆ ಒಬ್ಬಂಟಿಯಾಗಿದ್ದೆ, ಕರೆದವರ ಜೊತೆ ಹೊರಟೆ.

ಎಸ್3 ರೈಲಿನಲ್ಲಿ ಕೋಪೆನಿಕ್ ನಿಲ್ದಾಣದಲ್ಲಿ ಇಳಿದು, ಹಳಿಯ ಪಕ್ಕದ ಕಾಡಿನ ದಾರಿಯಲ್ಲಿ ನಡೆಯಬೇಕು. ಜರ್ಮನಿಯ ಬೇರೆ ದೊಡ್ಡ ಮೈದಾನಗಳಿಗೂ ನಾನು ಆಮೇಲೆ ಹೋಗಿದ್ದೇನೆ. ಅವು ಮೈಲಿ ದೂರದಿಂದಲೇ ಕಾಣುತ್ತವೆ, ವಿಮಾನ ನಿಲ್ದಾಣಗಳ ಹಾಗೆ. ಇದು ಹಾಗಲ್ಲ. ಮರಗಳ ನಡುವೆ ಮಣ್ಣಿನ ದಾರಿ, ಒದ್ದೆ ಎಲೆಗಳ ವಾಸನೆ, ಮುಂದೆ ಹಿಂದೆ ಕೆಂಪು ಶಾಲುಗಳು, ಯಾರದೋ ಕೈಯಲ್ಲಿ ಬಿಯರ್, ಇನ್ನಾರದೋ ಹೆಗಲ ಮೇಲೆ ಮಗು. ಮರಗಳು ಮುಗಿದ ಕೂಡಲೇ ಮೈದಾನ ಎದುರಿಗೇ ನಿಂತಿರುತ್ತದೆ. ಅದರ ಹೆಸರು ‘ಆನ್ ಡೆರ್ ಆಲ್ಟೆನ್ ಫೋರ್ಸ್ಟರೈ’. ಹಳೆಯ ಅರಣ್ಯಪಾಲಕರ ಮನೆಯ ಹತ್ತಿರ ಎಂದಷ್ಟೇ ಅರ್ಥ. ನಮ್ಮಲ್ಲಿ ‘ಹುಣಸೆಮರದ ಸ್ಟಾಪ್’ ಎನ್ನುವಂತೆ ಇಟ್ಟ ಗುರುತು ಅದು. ಯಾವ ವಿಮಾ ಸಂಸ್ಥೆಯ ಹೆಸರೂ, ಯಾವ ಕಾರು ಕಂಪನಿಯ ಹೆಸರೂ ಅದರ ಮುಂದೆ ಅಂಟಿಲ್ಲ. ಆ ಅರಣ್ಯಪಾಲಕರ ಮನೆ ಪಕ್ಕದಲ್ಲಿ ಇವತ್ತಿಗೂ ಇದೆ.

ಒಳಗೆ ಹೋದರೆ ಕೂರಲು ಜಾಗವೇ ಕಾಣಲಿಲ್ಲ. 22,012 ಜನ ಹಿಡಿಸುವ ಮೈದಾನದಲ್ಲಿ ಕುರ್ಚಿಗಳಿರುವುದು 3,617 ಮಾತ್ರ. ಉಳಿದ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ನೂಕುನುಗ್ಗಲು ಒಂದೇ ಕಡೆಗೆ ಒತ್ತದಿರಲೆಂದು ಅಲ್ಲಲ್ಲಿ ಸೊಂಟದೆತ್ತರದ ಉಕ್ಕಿನ ಅಡ್ಡಕಂಬಿಗಳಿವೆ. ಅಂಥ ಒಂದು ಕಂಬಿಗೆ ನನ್ನನ್ನು ಒರಗಿಸಿ ನಿಲ್ಲಿಸಿ, ಅವರು ಕಾಲಿನಿಂದ ಆ ಬೋಲ್ಟನ್ನು ಮುಟ್ಟಿದರು.

ಕೆಲಸದ ಅಭ್ಯಾಸ, ನಾನು ಬಗ್ಗಿ ನೋಡಿದೆ. ಕಂಬ ಬುಡದ ತಟ್ಟೆಗೆ ಸೇರುವ ಕಡೆ ಬೆಸುಗೆ ಮೀನಿನ ಹುರುಪೆಗಳ ಹಾಗೆ ಒಂದರ ಮೇಲೊಂದು ಒಪ್ಪವಾಗಿ ಮಲಗಿತ್ತು. ತಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ಮೂರರ ತಲೆಗಳು ಸತುವಿನ ಮಂಕು ಬೂದಿ ಬಣ್ಣದಲ್ಲಿದ್ದವು. ನಾಲ್ಕನೆಯದು ಮಾತ್ರ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು, ದೇವಸ್ಥಾನದ ಹೊಸ್ತಿಲಿನ ಹಿತ್ತಾಳೆಯಂತೆ. ಅದರ ಆರು ಅಂಚುಗಳಲ್ಲಿ ಎರಡು ಬೂಟಿನ ಚರ್ಮಕ್ಕೆ ಸವೆದು ನುಣುಪಾಗಿದ್ದವು.

"ಬೆಸುಗೆ ಬೇರೆಯವರದು," ಎಂದರು. "ಬೋಲ್ಟು ನಮ್ಮದು."

ಈ ಮೈದಾನದಲ್ಲಿ ಮೊದಲು ಆಟ ನಡೆದದ್ದು 1920ರಲ್ಲಿ. ಪಕ್ಕದ ಓಬರ್‌ಷೋನೆವೈಡೆಯಲ್ಲಿದ್ದ, ಯೂನಿಯನ್‌ಗೆ ಮೂಲವಾದ ಹಳೆಯ ಕ್ಲಬ್ಬಿನ ಜಾಗ ಮನೆ ಕಟ್ಟಲು ಹೋಯಿತು. ಕ್ಲಬ್ಬು ಕಾಡಿನ ಅಂಚಿಗೆ ಬಂತು. ಆ ವರ್ಷದ ಆಗಸ್ಟಿನಲ್ಲಿ ಆಗಿನ ಜರ್ಮನ್ ಚಾಂಪಿಯನ್ ನ್ಯೂರೆನ್‌ಬರ್ಗ್ ತಂಡವನ್ನು ಕರೆಸಿ ಉದ್ಘಾಟನೆ ಮಾಡಿದರು. ಓಬರ್‌ಷೋನೆವೈಡೆ ಎಂದರೆ ಕಾರ್ಖಾನೆಗಳ ಊರು: ಸ್ಪ್ರೇ ನದಿಯ ದಂಡೆಯಲ್ಲಿ ಹಳದಿ ಇಟ್ಟಿಗೆಯ ಉದ್ದನೆಯ ಷೆಡ್ಡುಗಳು, ಕೇಬಲ್ ಕಾರ್ಖಾನೆ, ವಿದ್ಯುತ್ ಯಂತ್ರಗಳ ಕಾರ್ಖಾನೆ. ತಂಡದ ಹುಡುಗರು ಕೂಲಿಯವರ ನೀಲಿ ಮೇಲಂಗಿಯನ್ನು ನೆನಪಿಸುವ ಬಣ್ಣ ತೊಟ್ಟು ಆಡುತ್ತಿದ್ದರು. ಜನ ಅವರನ್ನು ‘ಷ್ಲೊಸರ್‌ಯುಂಗ್ಸ್’ ಎಂದರು. ಲೋಹ ಕೆಲಸದ ಹುಡುಗರು, ಫಿಟ್ಟರ್ ಹುಡುಗರು. 1923ರಲ್ಲಿ ಅದೇ ಹುಡುಗರು ಜರ್ಮನ್ ಚಾಂಪಿಯನ್‌ಷಿಪ್ಪಿನ ಫೈನಲ್ ತನಕ ಹೋಗಿ ಹ್ಯಾಂಬರ್ಗ್ ಎದುರು 0-3ರಿಂದ ಸೋತರು. ಇಂದಿಗೂ ಮೈದಾನದಲ್ಲಿ ಒಂದು ಕಡೆಯವರು "ಐಸರ್ನ್!" ಎಂದು ಕೂಗಿದರೆ ಎದುರಿನವರು "ಉನಿಯೋನ್!" ಎಂದು ತಿರುಗಿ ಕೂಗುತ್ತಾರೆ. ಐಸರ್ನ್ ಎಂದರೆ ಕಬ್ಬಿಣದ್ದು ಎಂದು.

ನನ್ನ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಅಂಗಿ ಕಳಚಿದರೆ ಮನೆಯಲ್ಲೆಲ್ಲ ಗ್ರೀಸಿನ ವಾಸನೆ. ಸೈರನ್ ಕೂಗಿದರೆ ಗಡಿಯಾರ ನೋಡಬೇಕಿರಲಿಲ್ಲ. ಆ ಶನಿವಾರ ಕಾಂಕ್ರೀಟಿನ ಮೆಟ್ಟಿಲ ಮೇಲೆ ನಿಂತು, ಭಾಷೆ ಸರಿಯಾಗಿ ಬಾರದ ಊರಿನಲ್ಲಿ, ಇಪ್ಪತ್ತು ಸಾವಿರ ಜನ ಕಬ್ಬಿಣ ಎಂದು ಗಂಟಲು ಹರಿಯುವಂತೆ ಕೂಗಿದಾಗ ನನಗೆ ಗಂಟಲು ಕಟ್ಟಿತು. ಪಂದ್ಯದ ಫಲಿತಾಂಶ ನನಗೆ ಈಗ ನೆನಪಿಲ್ಲ. ಆ ಕೂಗು ನೆನಪಿದೆ.

ಬೋಲ್ಟಿನ ಕಥೆ 2008ರದು. ಅಷ್ಟು ಹೊತ್ತಿಗೆ ಮೈದಾನ ಹಾಳು ಬಿದ್ದಿತ್ತು. ಮೆಟ್ಟಿಲುಗಳು ಒಡೆದು ಸಂದುಗಳಲ್ಲಿ ಹುಲ್ಲು ಬೆಳೆದಿತ್ತು. ಫುಟ್‌ಬಾಲ್ ಸಂಸ್ಥೆ ಪ್ರತಿ ವರ್ಷ ವಿಶೇಷ ಅನುಮತಿ ಕೊಟ್ಟು ಹೇಗೋ ನಡೆಸಿಕೊಂಡು ಹೋಗುತ್ತಿತ್ತು. ಕ್ಲಬ್ಬಿನ ಬಳಿ ಹಣವಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಮುಂಚೆ, 2004ರಲ್ಲಿ, ಆಡುವ ಪರವಾನಗಿ ಉಳಿಸಿಕೊಳ್ಳಲು ಅಭಿಮಾನಿಗಳು ಆಸ್ಪತ್ರೆಗಳಲ್ಲಿ ರಕ್ತ ಕೊಟ್ಟು, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್ಬಿಗೆ ತಂದುಕೊಟ್ಟಿದ್ದರು. ‘ಯೂನಿಯನ್‌ಗಾಗಿ ರಕ್ತ ಸುರಿಸಿ’ ಎಂಬುದು ಆ ಅಭಿಯಾನದ ಹೆಸರು. ರಕ್ತ ಕೊಟ್ಟವರು ಬೆವರು ಕೊಡಲು ಹಿಂಜರಿಯುತ್ತಾರೆಯೇ? ಕೆಲಸಗಾರರಿಗೆ ಸಂಬಳ ಕೊಡಲಾಗದಿದ್ದರೆ ನಾವೇ ಕಟ್ಟುತ್ತೇವೆ ಎಂದು ನಿಂತರು. 2008ರ ಬೇಸಿಗೆಯಿಂದ 2009ರ ಬೇಸಿಗೆವರೆಗೆ ಎರಡು ಸಾವಿರಕ್ಕೂ ಹೆಚ್ಚು ಜನ, ಸುಮಾರು 1,40,000 ಗಂಟೆ, ಸಂಬಳವಿಲ್ಲದೆ ದುಡಿದರು. ಕಟ್ಟಡ ಕೆಲಸ ಬಲ್ಲವರು ಹೇಳಿಕೊಡುತ್ತಿದ್ದರು. ಗುಮಾಸ್ತರು, ವಿದ್ಯಾರ್ಥಿಗಳು, ಕೆಲಸ ಕಳೆದುಕೊಂಡವರು, ನಿವೃತ್ತರು ಹಾರೆ ಹಿಡಿಯುತ್ತಿದ್ದರು. ಹಳೆಯ ಮೆಟ್ಟಿಲು ಒಡೆದು ಹೊಸ ಕಾಂಕ್ರೀಟ್ ಕೂರಿಸಿದರು, ಮೇಲೆ ಚಾವಣಿ ಎದ್ದಿತು. ಮೈದಾನದ ಹೊರಗೆ ಅವರ ನೆನಪಿಗೆ ನಿಲ್ಲಿಸಿದ ಸ್ಮಾರಕದ ಮೇಲಿರುವುದು ರಾಜನೂ ಅಲ್ಲ, ಆಟಗಾರನೂ ಅಲ್ಲ. ಕೂಲಿಯವನ ಕೆಂಪು ಹೆಲ್ಮೆಟ್.

ನನ್ನ ಸಹೋದ್ಯೋಗಿ ಆ ವರ್ಷದ ರಜೆಯನ್ನೆಲ್ಲ ಅಲ್ಲೇ ಕಳೆದರು. ಜೊತೆಗೆ ಅವರ ಅಣ್ಣ. ಅಣ್ಣ ತಮ್ಮಂದಿರ ನಡುವೆ ಹತ್ತು ವರ್ಷದಿಂದ ಮಾತು ಅಷ್ಟಕ್ಕಷ್ಟೇ ಇತ್ತು; ತಂದೆಯ ಮನೆಯ ವಿಚಾರ. ನವೆಂಬರಿನ ಚಳಿಯಲ್ಲಿ ಒಂದೇ ಕಂಬಿಯನ್ನು ಇಬ್ಬರೂ ಹಿಡಿದು ನಿಲ್ಲಿಸಬೇಕಾಗಿ ಬಂತು. ಮೂರು ಬೋಲ್ಟು ಇವರು ಬಿಗಿದರು. ನಾಲ್ಕನೆಯದನ್ನು ಅಣ್ಣ ಬಿಗಿದರು. ಕೈಗವಸು ತೆಗೆದು ಸ್ಪ್ಯಾನರ್ ಕೊಡುವಾಗ ಅಣ್ಣ, "ಇನ್ನೊಂದು ಸುತ್ತು ತಿರುಗಿಸಲೇ?" ಎಂದರಂತೆ. ಹತ್ತು ವರ್ಷದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಮೈದಾನ ಕಟ್ಟುತ್ತಿದ್ದ ಆ ವರ್ಷ ತಂಡ ತನ್ನ ತವರಿನ ಪಂದ್ಯಗಳನ್ನು ಆಡಿದ್ದು ನಗರದ ಇನ್ನೊಂದು ಭಾಗದ ಯಾನ್ ಕ್ರೀಡಾಂಗಣದಲ್ಲಿ. ಅದು ಹಳೆಯ ವೈರಿ ಬಿಎಫ್‌ಸಿ ಡೈನಮೊದವರು ತಮ್ಮ ಕೋಟೆ ಎಂದುಕೊಂಡಿದ್ದ ಜಾಗ. ಅಲ್ಲಿದ್ದುಕೊಂಡೇ ಮೂರನೆಯ ದರ್ಜೆಯಲ್ಲಿ ಚಾಂಪಿಯನ್ ಆಗಿ ಮೇಲಕ್ಕೇರಿದರು. 2009ರ ಜುಲೈ 8ರಂದು ಹೊಸ ಮೈದಾನದ ಬಾಗಿಲು ತೆರೆಯಿತು. ಬರ್ಲಿನ್ನಿನದೇ ಇನ್ನೊಂದು ತಂಡ ಹೆರ್ತಾ ಎದುರು 3-5ರಿಂದ ಸೋತರು. ಆ ಸೋಲನ್ನು ಇವರು ಹೇಳುವ ಧಾಟಿ ಕೇಳಿದರೆ ಗೃಹಪ್ರವೇಶದ ದಿನ ಹಾಲು ಉಕ್ಕಿದ ಕಥೆ ಕೇಳಿದಂತಿರುತ್ತದೆ.

ಡೈನಮೊ ಎಂದೆನಲ್ಲ, ಆ ಹೆಸರಿನ ಹಿಂದೆ ಪೂರ್ವ ಜರ್ಮನಿಯ ಚರಿತ್ರೆಯೇ ಇದೆ. ಈಗಿನ ಯೂನಿಯನ್ ಕ್ಲಬ್ಬು ಈ ರೂಪದಲ್ಲಿ ಹುಟ್ಟಿದ್ದು 1966ರ ಜನವರಿಯಲ್ಲಿ, ಬರ್ಲಿನ್ ಗೋಡೆ ಎದ್ದು ಐದನೆಯ ವರ್ಷಕ್ಕೆ ಕಾಲಿಟ್ಟಾಗ. ಡೈನಮೊ ತಂಡಕ್ಕೆ ಗುಪ್ತಚರ ಇಲಾಖೆ ಷ್ಟಾಸಿಯ ಮುಖ್ಯಸ್ಥ ಎರಿಖ್ ಮೀಲ್ಕೆಯ ಕೃಪೆಯಿತ್ತು. 1979ರಿಂದ 1988ರವರೆಗೆ ಹತ್ತು ವರ್ಷ ಒಂದೇ ಸಮನೆ ಅವರೇ ಚಾಂಪಿಯನ್ನರು. ಯೂನಿಯನ್‌ಗೆ ಸಿಕ್ಕಿದ್ದು 1968ರ ಒಂದು ಟ್ರೋಫಿ, ಯೆನಾ ತಂಡವನ್ನು 2-1ರಿಂದ ಸೋಲಿಸಿ. ಅದರ ಬಲದಲ್ಲಿ ಯುರೋಪಿನ ಪಂದ್ಯಾವಳಿಗೆ ಹೋಗಬೇಕಿತ್ತು. ಆ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು, ಪಂದ್ಯಾವಳಿಯ ವ್ಯವಸ್ಥೆಯೇ ಏರುಪೇರಾಯಿತು, ಪೂರ್ವದ ತಂಡಗಳು ಹಿಂದೆ ಸರಿದವು. ಇವರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯುರೋಪಿನಲ್ಲಿ ಆಡಲು ಮುಂದೆ 2001ರವರೆಗೆ ಕಾಯಬೇಕಾಯಿತು.

ಆ ಕಾಲದ ಒಂದು ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಎದುರಾಳಿಗಳು ಫ್ರೀ ಕಿಕ್ ತಡೆಯಲು ಸಾಲಾಗಿ ಗೋಡೆ ಕಟ್ಟಿ ನಿಂತರೆ, ಮೆಟ್ಟಿಲ ಮೇಲಿನ ಜನ "ಗೋಡೆ ಹೋಗಬೇಕು!" ಎಂದು ಕೂಗುತ್ತಿದ್ದರು. ಯಾವ ಗೋಡೆ ಎಂದು ಪೊಲೀಸರು ಕೇಳುವಂತಿರಲಿಲ್ಲ. ಇದನ್ನು ಕೇಳಿ ಯೂನಿಯನ್ ಅಭಿಮಾನಿಗಳೆಲ್ಲ ಕ್ರಾಂತಿಕಾರಿಗಳಾಗಿದ್ದರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನನ್ನನ್ನು ತಿದ್ದಿದವರು ಇವರೇ. "ಬಹಳ ಜನಕ್ಕೆ ಬೇಕಿದ್ದದ್ದು ಶನಿವಾರ ಮಧ್ಯಾಹ್ನ ಗಟ್ಟಿಯಾಗಿ ಕೂಗಲು ಒಂದು ಜಾಗ, ಅಷ್ಟೇ. ಆದರೆ ಅಷ್ಟು ಸಿಗುವ ಜಾಗವೂ ಬೇರೆ ಇರಲಿಲ್ಲ," ಎಂದರು. ಈ ಮಾತನ್ನು ನಾನು ಯಾವ ಪುಸ್ತಕದ ಮಾತಿಗಿಂತಲೂ ಹೆಚ್ಚು ನಂಬುತ್ತೇನೆ. ಗೋಡೆ ಬಿದ್ದ ಎರಡೂವರೆ ತಿಂಗಳಿಗೆ, 1990ರ ಜನವರಿ 27ರಂದು, ಪಶ್ಚಿಮದ ಹೆರ್ತಾ ಮತ್ತು ಪೂರ್ವದ ಯೂನಿಯನ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಸ್ನೇಹದ ಪಂದ್ಯ ಆಡಿದವು. ಇವರೂ ಅಣ್ಣನೂ ಹೋಗಿದ್ದರು. ಯಾರು ಗೆಲ್ಲಬೇಕು ಎಂಬುದೇ ಆ ದಿನ ತಲೆಗೆ ಬರಲಿಲ್ಲವಂತೆ.

ಇಲ್ಲಿನ ರೀತಿನೀತಿಗಳನ್ನು ನಾನು ಮೆಲ್ಲಗೆ ಕಲಿತೆ. ಆಟಗಾರರ ಹೆಸರುಗಳನ್ನು ಕರೆಯುವಾಗ ಪ್ರತಿಯೊಬ್ಬನ ಹೆಸರಿನ ಹಿಂದೆಯೂ ಜನ "ಫುಟ್‌ಬಾಲ್ ದೇವರು!" ಎಂದು ಕೂಗುತ್ತಾರೆ. ಹತ್ತು ಗೋಲು ಹೊಡೆದವನಿಗೂ ಅದೇ, ಬೆಂಚಿನಲ್ಲಿ ಕೂತ ಹೊಸ ಹುಡುಗನಿಗೂ ಅದೇ. ತಮ್ಮ ಆಟಗಾರ ತಪ್ಪು ಮಾಡಿದರೆ ಸಿಳ್ಳೆ ಹಾಕಿ ಅವಮಾನಿಸುವುದಿಲ್ಲ. ಕೊನೆಯ ಸೀಟಿ ಊದುವ ತನಕ ಯಾರೂ ಹೊರಡುವುದಿಲ್ಲ. ನಾಲ್ಕು ಗೋಲು ಹಿಂದಿದ್ದಾಗ ನಾನೊಮ್ಮೆ ರೈಲಿನ ನೂಕುನುಗ್ಗಲು ತಪ್ಪಿಸಲೆಂದು ಚೀಲ ಹೆಗಲಿಗೆ ಹಾಕಿಕೊಂಡೆ. ಪಕ್ಕದ ಅಪರಿಚಿತ ಅಜ್ಜಿಯೊಬ್ಬರು ಏನೂ ಹೇಳದೆ ಚೀಲವನ್ನು ನನ್ನ ಹೆಗಲಿನಿಂದ ಇಳಿಸಿ ನನ್ನ ಕಾಲ ಬಳಿ ಇಟ್ಟರು. ಗೋಲು ಬಿದ್ದರೆ ಮೂಲೆಯ ಹಳೆಯ ಅಂಕಫಲಕದ ಪುಟ್ಟ ಮನೆಯೊಳಗಿನಿಂದ ಒಬ್ಬರು ಕೈಯಿಂದಲೇ ಅಂಕಿ ಬದಲಿಸುತ್ತಾರೆ. ವಿದ್ಯುತ್ ಪರದೆ ಬಂದ ಮೇಲೂ ಅದನ್ನು ತೆಗೆಯಲಿಲ್ಲ.

2018ರ ಚಳಿಗಾಲದಲ್ಲಿ ಅಮ್ಮ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರ ಮೊದಲ ಪ್ರಯಾಣ. ಡಿಸೆಂಬರ್ 23ರ ಸಂಜೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. 2003ರಲ್ಲಿ, ತಂಡ ಸೋತು ಸುಣ್ಣವಾಗಿದ್ದ ವರ್ಷ, ಒಬ್ಬರಿಗೊಬ್ಬರು ಹಬ್ಬದ ಶುಭಾಶಯವನ್ನೂ ಹೇಳದೆ ಮನೆಗೆ ಹೋದೆವಲ್ಲ ಎಂಬ ಕೊರಗಿನಲ್ಲಿ 89 ಅಭಿಮಾನಿಗಳು ಅನುಮತಿಯಿಲ್ಲದೆ ಮೈದಾನದೊಳಗೆ ನುಸುಳಿ, ಮಧ್ಯದ ಗೆರೆಯ ಹತ್ತಿರ ನಿಂತು ಕ್ರಿಸ್ಮಸ್ ಹಾಡು ಹಾಡಿದ್ದರು. ಈಗ ಹುಲ್ಲಿನ ಮೇಲೂ ಜನ ನಿಂತು 28,500 ಮಂದಿ ಹಾಡುತ್ತಾರೆ. ಶಾಲೆಯ ಮಕ್ಕಳ ಗಾಯನ, ಪಾದ್ರಿಯೊಬ್ಬರ ಓದು, ಎಲ್ಲರ ಕೈಯಲ್ಲೂ ಮೇಣದಬತ್ತಿ. ದೀಪಗಳನ್ನು ಆರಿಸಿದಾಗ ಸುತ್ತ ನಾಲ್ಕು ಕಡೆಯ ಮೆಟ್ಟಿಲುಗಳಲ್ಲಿ ಜ್ವಾಲೆಗಳು ಒಂದರ ಮೇಲೊಂದು ಸಾಲಾಗಿ ಕಂಡವು. "ಲಕ್ಷದೀಪೋತ್ಸವ ಕಣೇ," ಎಂದರು ಅಮ್ಮ. ಅವರ ಉಣ್ಣೆಯ ಕೈಗವಸಿನ ಮೇಲೆ ಮೇಣ ತೊಟ್ಟಿಕ್ಕಿ ಗಟ್ಟಿಯಾಗುತ್ತಿತ್ತು. ಪದ ಗೊತ್ತಿಲ್ಲದಿದ್ದರೂ ಅವರು ರಾಗ ಹಿಡಿದು ಹೂಂಗುಟ್ಟುತ್ತಿದ್ದರು. ನಾನು ಆ ಬೋಲ್ಟನ್ನು ತೋರಿಸಿದೆ. ಅಮ್ಮ ಬಗ್ಗಿ, ಮೇಣ ಹತ್ತಿದ ಬೆರಳಿನಿಂದ ಮುಟ್ಟಿ, "ನಿಮ್ಮಪ್ಪ ಇದ್ದಿದ್ದರೆ ಇದಕ್ಕೆ ಎಷ್ಟು ನಂಬರ್ ಸ್ಪ್ಯಾನರ್ ಎಂದು ಕೇಳುತ್ತಿದ್ದರು," ಎಂದರು. ನನ್ನ ಸಹೋದ್ಯೋಗಿಗೆ ಅದನ್ನು ಜರ್ಮನ್‌ನಲ್ಲಿ ಹೇಳಿದೆ. ಅವರು ಅಮ್ಮನ ಕಡೆ ತಿರುಗಿ ಬೆರಳುಗಳಲ್ಲಿ ಎರಡು, ನಾಲ್ಕು ಎಂದು ತೋರಿಸಿದರು. ಅಮ್ಮ ತಲೆಯಾಡಿಸಿದರು.

ಮುಂದಿನ ಮೇ 27ರ ರಾತ್ರಿ, ಮೇಲಿನ ದರ್ಜೆಗೆ ಏರುವ ಎರಡು ಪಂದ್ಯಗಳ ಪೈಪೋಟಿಯ ಎರಡನೆಯದರಲ್ಲಿ, ಷ್ಟುಟ್‌ಗಾರ್ಟ್ ಎದುರು 0-0. ಅವರ ಊರಿನಲ್ಲಿ 2-2 ಆಗಿತ್ತು; ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚಾದ್ದರಿಂದ ಅಷ್ಟೇ ಸಾಕಾಯಿತು. ಯೂನಿಯನ್ ಮೊಟ್ಟಮೊದಲ ಬಾರಿಗೆ ಜರ್ಮನಿಯ ಮೊದಲ ದರ್ಜೆಯಾದ ಬುಂಡೆಸ್‌ಲೀಗಾ ಸೇರಿತು. ಜನ ಮೈದಾನಕ್ಕೆ ನುಗ್ಗಿದರು, ನಾವೂ ನುಗ್ಗಿದೆವು, ಹುಲ್ಲಿನ ಮೇಲೆ ಕುಳಿತು ಅತ್ತವರನ್ನು ಕಂಡೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವ ದಿನ ಅದಲ್ಲ. ಆಗಸ್ಟ್ 18, ಮೇಲಿನ ದರ್ಜೆಯ ಮೊದಲ ಪಂದ್ಯ, ಲೈಪ್ಜಿಗ್ ಎದುರು. ಈ ದಿನವನ್ನು ನೋಡಲು ಬದುಕಿ ಉಳಿಯದವರ ಚಿತ್ರಗಳನ್ನು ಮೈದಾನಕ್ಕೆ ತರುವುದೆಂದು ತೀರ್ಮಾನವಾಗಿತ್ತು. ಆಟಕ್ಕೆ ಮುಂಚೆ ನೂರಾರು ಮುಖಗಳು ಜನರ ತಲೆಯ ಮೇಲೆ ಎದ್ದವು, ದೊಡ್ಡ ಫಲಕಗಳಲ್ಲಿ, ಕಪ್ಪು ಬಿಳುಪಿನಲ್ಲಿ. ‘ಕೊನೆಗೂ ಬಂದೆವು’ ಎಂಬುದು ಅದರ ಭಾವ. ಅಜ್ಜಂದಿರು, ತಾಯಂದಿರು, ಎಳೆಯ ಹುಡುಗರು. ನನ್ನ ಪಕ್ಕದಲ್ಲಿ ಇವರ ಎರಡು ಕೈಗಳ ನಡುವೆ ಇವರ ಅಣ್ಣ. 2014ರಲ್ಲಿ ತೀರಿಕೊಂಡಿದ್ದರು. ಚಿತ್ರದಲ್ಲಿ ಅವರ ತಲೆಯ ಮೇಲೆ ಕಟ್ಟಡ ಕೆಲಸದ ಹೆಲ್ಮೆಟ್ ಇತ್ತು.

ಆ ಪಂದ್ಯವನ್ನು 0-4ರಿಂದ ಸೋತೆವು. ಮುಗಿದ ಮೇಲೂ ಜನ ಬಹಳ ಹೊತ್ತು ಹಾಡುತ್ತಲೇ ಇದ್ದರು. ಎರಡು ವಾರದಲ್ಲಿ ಇದೇ ಮೈದಾನದಲ್ಲಿ ಡಾರ್ಟ್‌ಮಂಡ್ ತಂಡವನ್ನು 3-1ರಿಂದ ಸೋಲಿಸಿದೆವು.

2023ರಲ್ಲಿ ತಂಡ ಯುರೋಪಿನ ಅಗ್ರ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್ ತನಕ ಏರಿತು. ತವರಿನ ಪಂದ್ಯಗಳು ನಡೆದದ್ದು ಮಾತ್ರ ನಗರದ ಇನ್ನೊಂದು ತುದಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಅಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನೋಡಬಹುದು, ಎಲ್ಲರಿಗೂ ಕುರ್ಚಿಯಿದೆ. ಹೆಚ್ಚು ಮಂದಿಗೆ ಅವಕಾಶ ಸಿಕ್ಕಿದ್ದು ಒಳ್ಳೆಯದೇ ಎಂದು ನನಗೂ ಅನ್ನಿಸುತ್ತದೆ. ಆದರೆ ಅಲ್ಲಿ ಹುಲ್ಲಿಗೂ ಜನಕ್ಕೂ ನಡುವೆ ಓಟದ ಹಾದಿ ಇದೆ. ಕೂಗಿದ ಮಾತು ಮೈದಾನದ ಮಧ್ಯಕ್ಕೆ ತಲುಪುವಷ್ಟರಲ್ಲಿ ತಣ್ಣಗಾಗುತ್ತದೆ. ನಮ್ಮ ಮೈದಾನದಲ್ಲಿ ಗೋಲ್‌ಕೀಪರ್ ಉಸಿರೆಳೆದುಕೊಳ್ಳುವುದು ಮೊದಲ ಸಾಲಿಗೆ ಕೇಳಿಸುತ್ತದೆ.

ಈಗ ಮೈದಾನವನ್ನು ಸುಮಾರು 40,000 ಜನ ಹಿಡಿಸುವಂತೆ ದೊಡ್ಡದು ಮಾಡುವ ಯೋಜನೆಯಿದೆ. ಮಾಡಲೇಬೇಕು. ಟಿಕೆಟ್ ಸಿಗದೆ ಹೊರಗೆ ಉಳಿಯುವ ಸದಸ್ಯರ ನೋವು ನನಗೆ ಗೊತ್ತು. ಹಾಗಿದ್ದರೂ ಕೆಡವುವ ಮಾತು ಬಂದಾಗಲೆಲ್ಲ ನನ್ನ ಕಣ್ಣು ನೆಲದ ಕಡೆಗೆ ಹೋಗುತ್ತದೆ. ನಮ್ಮ ಕಂಬಿ ಏನಾಗುತ್ತದೆ ಎಂದು ಒಮ್ಮೆ ಕೇಳಿಯೇ ಬಿಟ್ಟೆ. "ಬಿಚ್ಚಬೇಕಾಗಿ ಬಂದರೆ ನಾನೇ ಬಿಚ್ಚುತ್ತೇನೆ. ಸ್ಪ್ಯಾನರ್ ಇನ್ನೂ ಮನೆಯಲ್ಲೇ ಇದೆ," ಎಂದರು.

ಕಳೆದ ತಿಂಗಳು ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಶನಿವಾರ ನಾನೊಬ್ಬಳೇ ಕಾಡಿನ ದಾರಿಯಲ್ಲಿ ನಡೆದು ಹೋದೆ. ಕೋಪೆನಿಕ್‌ನಲ್ಲಿ ಇಳಿಯುವಷ್ಟರಲ್ಲಿ ಮೊಬೈಲಿಗೆ ಅವರ ಸಂದೇಶ ಬಂದಿತ್ತು: "ನಾಲ್ಕನೆಯದು." ಬೇರೇನೂ ಬರೆದಿರಲಿಲ್ಲ. ಮೆಟ್ಟಿಲು ಹತ್ತಿ ನಮ್ಮ ಜಾಗಕ್ಕೆ ಬಂದು, ಚೀಲವನ್ನು ಕಾಲ ಬಳಿ ಇಟ್ಟು, ಬಲಗಾಲಿನ ಬೂಟಿನ ತುದಿಯನ್ನು ಬೋಲ್ಟಿನ ಮೇಲಿಟ್ಟೆ. ಅಷ್ಟರಲ್ಲಿ ಎದುರಿನ ಕಡೆಯಿಂದ "ಐಸರ್ನ್!" ಎಂಬ ಕೂಗು ಬಂತು.